ಶ್ವಾಸಕೋಶದ ಎರಡು ಚುಕ್ಕೆಗಳು: ನಾನು ಎಸ್‌ಬಿಆರ್‌ಟಿ ಮಾಡಿಸಿಕೊಂಡ ಬಗೆ

ಕಳೆದ ಜುಲೈಯಿಂದ ಈ ಜನವರಿಯವರೆಗೆ ನಾನು ಗದಗಿನಿಂದ ಹುಬ್ಬಳ್ಳಿಗೆ ಇಪ್ಪತ್ತಾರು ಸಲ ಹೋಗಿ ಬಂದಿದ್ದೇನೆ. ಮನೆಯವರು ಕ್ಯಾಲೆಂಡರಿನ ಮೇಲೆ ಪ್ರತಿ ಸಲವೂ ಗುರುತು ಹಾಕಿದ್ದರಿಂದ ಈ ಲೆಕ್ಕ ಸಿಕ್ಕಿತು. ಅದರಲ್ಲಿ ಯಂತ್ರದ ಕೆಳಗೆ ಮಲಗಿ ಕ್ಯಾನ್ಸರಿನ ಗಂಟುಗಳಿಗೆ ಎಸ್‌ಬಿಆರ್‌ಟಿ ಎಂಬ ವಿಕಿರಣ ಚಿಕಿತ್ಸೆ ಪಡೆದದ್ದು ಐದೇ ದಿನ. ಉಳಿದ ಇಪ್ಪತ್ತೊಂದು ದಿನಗಳು ರಕ್ತ ಪರೀಕ್ಷೆ, ಸ್ಕ್ಯಾನು, ಬಯಾಪ್ಸಿ, ರಿಪೋರ್ಟು, ಸಹಿ, ಸೀಲು, ಮಂಜೂರಾತಿ ಮತ್ತು ‘ನಾಳೆ ಬರ್ರಿ’ ಎಂಬ ಮಾತಿಗೆ ಹೋದವು. ನಮ್ಮ ಕಡೆ ಜನ ‘ಕರೆಂಟು ಕೊಡೋದು’ ಎಂದು ಕರೆಯುವ ಈ ಚಿಕಿತ್ಸೆಯ ಬಗ್ಗೆ ಕೇಳಲು ಈಗ ವಾರಕ್ಕೊಬ್ಬರಾದರೂ ನನಗೆ ಫೋನು ಮಾಡುತ್ತಾರೆ. ಅವರಿಗೆಲ್ಲ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆದಿಡುತ್ತಿದ್ದೇನೆ.

ನನಗೆ ಅರವತ್ತೊಂದು ವರ್ಷ. ಗದಗಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮೂರು ವರ್ಷಗಳ ಹಿಂದೆ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಪಕ್ಕದ ಗ್ರಂಥಿಗಳಿಗೂ ತಗುಲಿದ್ದರಿಂದ ಅದನ್ನು ಮೂರನೆಯ ಹಂತ ಎಂದರು, ಆರು ತಿಂಗಳು ಕೀಮೋ ಕೊಟ್ಟರು. ಆ ಕೀಮೋದ ಜೋಮು ಅಂಗಾಲಿನಲ್ಲಿ ಈಗಲೂ ಉಳಿದಿದೆ. ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಬಿದ್ದರೂ ನಾಲ್ಕು ಹೆಜ್ಜೆ ನಡೆದ ಮೇಲೆಯೇ ನನಗೆ ತಿಳಿಯುತ್ತದೆ. ಅದರ ನಂತರ ಮೂರು ತಿಂಗಳಿಗೊಮ್ಮೆ ಸಿಇಎ ಎಂಬ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್ ನಡೆಯುತ್ತಿದ್ದವು. ಸಿಇಎ ಪ್ರತಿ ಸಲವೂ ಮೂರರ ಆಸುಪಾಸಿನಲ್ಲಿ ಬರುತ್ತಿತ್ತು, ಐದರೊಳಗಿದ್ದರೆ ಚಿಂತೆಯಿಲ್ಲ ಎನ್ನುತ್ತಿದ್ದರು. ಜುಲೈಯಲ್ಲಿ ಅದು 9.6 ಬಂತು. ಎರಡು ವಾರ ಬಿಟ್ಟು ಮತ್ತೆ ಮಾಡಿಸಿದಾಗ 11.2. ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ 13 ಮಿಲಿಮೀಟರಿನದೊಂದು, ಎಡಗಡೆ ಮೇಲ್ಭಾಗದಲ್ಲಿ 9 ಮಿಲಿಮೀಟರಿನದೊಂದು ಗಂಟು ಕಂಡವು.

ರಿಪೋರ್ಟನ್ನು ವೈದ್ಯರಿಗಿಂತ ಮೊದಲು ನಾನೇ ಓದಿದ್ದು ತಪ್ಪಾಯಿತು. ‘ಮೆಟಾಸ್ಟಾಸಿಸ್’, ಅಂದರೆ ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡಿದೆ ಎಂಬ ಶಬ್ದ ಕಣ್ಣಿಗೆ ಬಿದ್ದ ಮೇಲೆ ಮುಂದಿನ ಸಾಲುಗಳು ಒಂದೂ ತಲೆಗೆ ಹೋಗಲಿಲ್ಲ. ಬಂಧುಗಳಲ್ಲಿ ಒಬ್ಬರು ‘ನಾಲ್ಕನೇ ಸ್ಟೇಜ್ ಅಂದ್ಮ್ಯಾಲ ಇನ್ನ ಸುಮ್ನ ರೊಕ್ಕ ಹಾಳ ಮಾಡಬ್ಯಾಡ್ರಿ’ ಎಂದು ಮನೆಯವರ ಮುಂದೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಆ ರಾತ್ರಿ ಮನೆಯವರು ಊಟ ಮಾಡಲಿಲ್ಲ. ನಾನು ಮಾಡಿದೆ, ಯಾಕೆಂದರೆ ಗುಳಿಗೆ ನುಂಗುವುದಿತ್ತು.

ನಮ್ಮ ಕ್ಯಾನ್ಸರ್ ವೈದ್ಯರು ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಎರಡೆರಡು ಸಲ ನೋಡಿ, ‘ಮೇಡಮ್, ನಾಲ್ಕನೇ ಸ್ಟೇಜ್ ಅಂದ್ರ ಎಲ್ಲಾರದೂ ಒಂದ ಅಲ್ಲ. ಎಣಿಸಾಕ ಬರುವಷ್ಟ ಇದ್ರ ಅದರ ಲೆಕ್ಕಾನ ಬ್ಯಾರೆ’ ಎಂದರು. ಹೀಗೆ ಕೆಲವೇ ಜಾಗಗಳಿಗೆ ಹರಡಿ ನಿಂತ ಸ್ಥಿತಿಗೆ ಆಲಿಗೋಮೆಟಾಸ್ಟಾಸಿಸ್ ಎಂದು ಹೆಸರು. 1995ರಲ್ಲಿ ಶಿಕಾಗೋದ ಹೆಲ್‌ಮನ್ ಮತ್ತು ವೈಕ್ಸೆಲ್‌ಬಾಮ್ ಎಂಬ ಇಬ್ಬರು ವೈದ್ಯರು ಈ ಹೆಸರನ್ನು ಬಳಕೆಗೆ ತಂದರು. ಸಾಮಾನ್ಯವಾಗಿ ಐದರವರೆಗಿನ ಗಂಟುಗಳನ್ನು ಈ ಲೆಕ್ಕಕ್ಕೆ ಹಿಡಿಯುತ್ತಾರೆ. ಇಂಥವರಲ್ಲಿ ಆ ಗಂಟುಗಳನ್ನೇ ಗುರಿಯಾಗಿಸಿ ಕೊಯ್ದು ತೆಗೆಯಬಹುದು, ಇಲ್ಲವೆ ಎಸ್‌ಬಿಆರ್‌ಟಿ ಎಂಬ ವಿಕಿರಣ ಚಿಕಿತ್ಸೆಯಿಂದ ಸುಡಬಹುದು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಮಾಮೂಲಿ ರೇಡಿಯೇಶನ್ ಐದಾರು ವಾರ ದಿನವೂ ಸ್ವಲ್ಪ ಸ್ವಲ್ಪ ಕೊಡುವಂಥದ್ದು. ಇದರಲ್ಲಾದರೋ ಒಂದರಿಂದ ಐದು ಸಲದಲ್ಲಿ, ಪ್ರತಿ ಸಲವೂ ಬಹಳ ದೊಡ್ಡ ಪ್ರಮಾಣವನ್ನು ಮಿಲಿಮೀಟರಿನ ಲೆಕ್ಕದ ನಿಖರತೆಯಲ್ಲಿ ಕೊಡುತ್ತಾರೆ.

ಶಾಲೆಯಲ್ಲಿ ಮಕ್ಕಳಿಗೆ ‘ಆಧಾರವೇನು’ ಎಂದು ಕೇಳಿ ರೂಢಿಯಾದ ಬಾಯಿ ನನ್ನದು, ವೈದ್ಯರನ್ನೂ ಕೇಳಿದೆ. ಅವರು ಬೇಸರಿಸದೆ ಸಬರ್-ಕಾಮೆಟ್ ಎಂಬ ಅಧ್ಯಯನದ ಬಗ್ಗೆ ಹೇಳಿದರು. 99 ರೋಗಿಗಳಲ್ಲಿ 33 ಜನರಿಗೆ ಎಂದಿನ ಚಿಕಿತ್ಸೆಯನ್ನೂ, 66 ಜನರಿಗೆ ಅದರ ಜೊತೆಗೆ ಈ ಗುರಿಯಿಟ್ಟ ವಿಕಿರಣವನ್ನೂ ಕೊಟ್ಟು ಹೋಲಿಸಿದ ಅಧ್ಯಯನವದು. 2019ರಲ್ಲಿ ಮೊದಲು ಪ್ರಕಟವಾಯಿತು. ಮುಂದಿನ ವರ್ಷ ಬಂದ ಲೆಕ್ಕದ ಪ್ರಕಾರ ಐದು ವರ್ಷ ಬದುಕಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡ 17.7, ಎರಡನೆಯದರಲ್ಲಿ ಶೇಕಡ 42.3. ಇಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಹಿಗ್ಗಿಬಿಡುತ್ತಿದ್ದೆನೇನೋ. ಅವರು ಮುಂದುವರಿದು, ಅಧ್ಯಯನ ಚಿಕ್ಕದು, ಬೇರೆ ಬೇರೆ ಅಂಗಗಳ ಕ್ಯಾನ್ಸರಿನವರು ಅದರಲ್ಲಿ ಕಲೆತಿದ್ದರು, ವಿಕಿರಣ ಪಡೆದ 66 ಜನರಲ್ಲಿ ಮೂವರ ಸಾವಿಗೆ ಚಿಕಿತ್ಸೆಯೇ ಕಾರಣವಾಗಿರಬಹುದು ಎಂದರು. ಸ್ತನ ಕ್ಯಾನ್ಸರಿನವರ ಮೇಲೆಯೇ ನಡೆದು 2022ರಲ್ಲಿ ಫಲಿತಾಂಶ ಹೊರಬಿದ್ದ ಇನ್ನೊಂದು ಅಧ್ಯಯನದಲ್ಲಿ ಇದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಐದು ವರ್ಷ ಬದುಕುವುದು ಬೇರೆ, ಗುಣವಾಗುವುದು ಬೇರೆ ಎಂಬುದನ್ನು ಬಿಡಿಸಿ ಹೇಳಿದರು. ಪೂರ್ತಿ ಲೆಕ್ಕ ಮುಂದಿಟ್ಟ ಮೇಲೆಯೇ ನನಗೆ ಅವರ ಮೇಲೆ ನಂಬಿಕೆ ಕುದುರಿತು. ಬರೀ ಒಳ್ಳೆಯ ಅಂಕಿಯನ್ನಷ್ಟೇ ಹೇಳುವವರ ಹತ್ತಿರ ಉಳಿದರ್ಧವನ್ನು ನೀವಾಗಿಯೇ ಕೇಳಿರಿ.

ಆದರೆ ಇದೆಲ್ಲ ಗಂಟುಗಳು ಎರಡೇ ಎಂಬುದು ಖಾತ್ರಿಯಾದರೆ ಮಾತ್ರ. ಆ ಖಾತ್ರಿಗಾಗಿ, ಮೈಯಲ್ಲಿ ಬೇರೆಲ್ಲಾದರೂ ಕ್ಯಾನ್ಸರ್ ಇದೆಯೇ ಎಂದು ತೋರಿಸುವ ಪೆಟ್ ಸ್ಕ್ಯಾನ್ ಆಗಬೇಕಿತ್ತು.

ಮೊದಲು ಕೊಟ್ಟ ತಾರೀಖು ನಾಗರ ಪಂಚಮಿಯ ಮರುದಿನ ಬಂದಿತ್ತು. ನಮ್ಮಲ್ಲಿ ಪಂಚಮಿಯೆಂದರೆ ಉಂಡಿಯ ಹಬ್ಬ. ತಂಗಿ ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು ಎಲ್ಲವನ್ನೂ ಡಬ್ಬಿ ತುಂಬಿ ತಂದಿದ್ದಳು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ನಾನು, ಮುಂದಿನ ಪಂಚಮಿ ಕಂಡವರಾರು ಎಂಬ ಹಾಳು ವಿಚಾರದಲ್ಲಿ ಎರಡು ಉಂಡಿ ತಿಂದೆ. ಮುಂಜಾನೆ ಸ್ಕ್ಯಾನ್ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 238. ಅಲ್ಲಿ 200ರೊಳಗೆ ಇರಬೇಕೆಂಬ ನಿಯಮವಿತ್ತು. ಸೂಜಿಯಿಂದ ಕೊಡುವ ಎಫ್‌ಡಿಜಿ ಎಂಬ ಔಷಧವೇ ಗ್ಲೂಕೋಸಿನ ಇನ್ನೊಂದು ರೂಪ. ರಕ್ತದಲ್ಲಿ ಸಕ್ಕರೆ ತುಂಬಿಕೊಂಡಿದ್ದರೆ ಗಂಟಿನ ಕೋಶಗಳು ಈ ಔಷಧವನ್ನು ಸರಿಯಾಗಿ ಹೀರುವುದಿಲ್ಲ, ಚಿತ್ರ ಮಬ್ಬಾಗುತ್ತದೆ. ಅದರ ಕಿರಣಶಕ್ತಿಯ ಅರ್ಧಾಯುಷ್ಯ 110 ನಿಮಿಷ ಮಾತ್ರ ಇರುವುದರಿಂದ ‘ಸಂಜೀಮುಂದ ಮಾಡ್ರಿ’ ಎಂದು ಕೇಳಿಕೊಳ್ಳಲೂ ಬರುವುದಿಲ್ಲ. ಅಂದು ತರಿಸಿದ್ದು ಅಂದೇ ಕರಗಿ ಹೋಗುತ್ತದೆ. ಅರ್ಧಾಯುಷ್ಯದ ಪಾಠ ಮಾಡಿದ್ದ ನನಗೆ ಅದು ಇಷ್ಟು ಹತ್ತಿರದಿಂದ ಅರ್ಥವಾದದ್ದು ಅಂದೇ. ಬರಿಗೈಯಲ್ಲಿ ಊರಿಗೆ ಬಂದೆವು. ಆರು ದಿನ ಬಿಟ್ಟು ಮತ್ತೆ ಹೋದಾಗ ಸಕ್ಕರೆ 142 ಇತ್ತು.

ಪೆಟ್ ಸ್ಕ್ಯಾನಿಗೆ ಹೋಗುವವರು ಆರು ತಾಸು ಏನನ್ನೂ ತಿನ್ನಬಾರದು, ಬರೀ ನೀರು ಕುಡಿಯಬಹುದು. ಹಿಂದಿನ ದಿನ ಭಾರ ಎತ್ತುವ, ಮೈ ದಣಿಯುವ ಕೆಲಸ ಬೇಡ, ಏಕೆಂದರೆ ದಣಿದ ಸ್ನಾಯುಗಳೂ ಆ ಔಷಧವನ್ನು ಹೀರುತ್ತವೆ. ಸಕ್ಕರೆ ಕಾಯಿಲೆಯವರು ಗುಳಿಗೆ ಅಥವಾ ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕೆಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಬರುವುದು ಒಳ್ಳೆಯದು. ಚುಚ್ಚಿದ ಮೇಲೆ ಒಂದು ತಾಸು ಮಾತಾಡದೆ ಒಂದು ಕೋಣೆಯಲ್ಲಿ ಕೂಡಿಸುತ್ತಾರೆ. ನಾನು ಆ ತಾಸಿನಲ್ಲಿ ಗೋಡೆಯ ಸುಣ್ಣದ ಬಿರುಕುಗಳನ್ನು ಎಣಿಸಿದೆ. ಅಂದು ರಾತ್ರಿ ಮೊಮ್ಮಗಳನ್ನು ನನ್ನ ಹತ್ತಿರ ಬಿಡಲಿಲ್ಲ, ಚಿಕ್ಕ ಮಕ್ಕಳು ಮತ್ತು ಗರ್ಭಿಣಿಯರಿಂದ ಆ ದಿನ ದೂರ ಇರಲು ಹೇಳಿದ್ದರು. ನಮಗೆ ಆದ ಖರ್ಚು 17,500 ರೂಪಾಯಿ. ಎರಡು ದಿನಗಳ ಮೇಲೆ ಬಂದ ರಿಪೋರ್ಟಿನಲ್ಲಿ ಆ ಎರಡು ಗಂಟುಗಳನ್ನು ಬಿಟ್ಟು ಬೇರೆಲ್ಲೂ ಏನೂ ಇರಲಿಲ್ಲ. ಕ್ಯಾನ್ಸರ್ ಹರಡಿದೆ ಎಂಬ ರಿಪೋರ್ಟು ಹಿಡಿದುಕೊಂಡು ಮಿರ್ಚಿ ಭಜಿ ಹಂಚುವಷ್ಟು ಸಂತೋಷಪಟ್ಟ ಮನೆ ನಮ್ಮದೊಂದೇ ಇರಬೇಕು.

ನಂತರದ್ದು ಬಯಾಪ್ಸಿ. ಎರಡು ಸ್ಕ್ಯಾನಿನಲ್ಲಿ ಕಂಡದ್ದಕ್ಕೆ ಮತ್ತೆ ಸೂಜಿ ಏಕೆಂದು ನಾನು ತಕರಾರು ತೆಗೆದಿದ್ದೆ. ನಮ್ಮ ದೇಶದಲ್ಲಿ ಕ್ಷಯ ಬಹಳ, ಕ್ಷಯದ ಗಂಟು ಕೂಡ ಪೆಟ್ ಸ್ಕ್ಯಾನಿನಲ್ಲಿ ಹೀಗೆಯೇ ಹೊಳೆಯುತ್ತದೆ, ಕ್ಷಯಕ್ಕೆ ವಿಕಿರಣ ಕೊಟ್ಟರೆ ಹೇಗೆ ಎಂದು ವೈದ್ಯರು ಮರುಪ್ರಶ್ನೆ ಹಾಕಿದರು. ಉತ್ತರ ಇರಲಿಲ್ಲ. ಸಿಟಿ ಯಂತ್ರದಲ್ಲಿ ನೋಡುತ್ತ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಬಲಗಡೆಯ ಗಂಟಿನ ತುಣುಕು ತೆಗೆದರು. ಶ್ವಾಸಕೋಶದ ಸುತ್ತ ಸ್ವಲ್ಪ ಗಾಳಿ ಸೇರಿಕೊಂಡಿತೆಂದು ಒಂದು ರಾತ್ರಿ ಉಳಿಸಿಕೊಂಡರು, ಮುಂಜಾನೆ ಎಕ್ಸ್‌ರೇಯಲ್ಲಿ ಅದು ಕಡಿಮೆಯಾಗಿತ್ತು. ಇದು ಅಪರೂಪವಲ್ಲ, ಹೀಗಾಗಿ ಬಯಾಪ್ಸಿಗೆ ಹೋಗುವಾಗ ಒಂದು ಜೊತೆ ಬಟ್ಟೆ, ಹೊದಿಕೆ ಒಯ್ಯಿರಿ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಎಲ್ಲ ಸೇರಿ 16,200 ರೂಪಾಯಿ ಆಯಿತು. ವಿಶೇಷ ಬಣ್ಣಗಳ ಪರೀಕ್ಷೆ ಇದ್ದುದರಿಂದ ರಿಪೋರ್ಟಿಗೆ ಎಂಟು ದಿನ ಹಿಡಿಯಿತು. ಸಿಕೆ20, ಸಿಡಿಎಕ್ಸ್2 ಎಂಬ ಕರುಳಿನ ಕೋಶಗಳ ಗುರುತುಗಳು ಪಾಸಿಟಿವ್ ಎಂದು ಬಂದಿತ್ತು. ಅಂದರೆ ಇದು ಶ್ವಾಸಕೋಶದಲ್ಲಿ ಹುಟ್ಟಿದ್ದಲ್ಲ, ಹಳೆಯ ಕರುಳಿನ ಬೀಜವೇ ಇಲ್ಲಿ ಬಂದು ಮೊಳೆತದ್ದು.

ಆಪರೇಶನ್ನೋ ವಿಕಿರಣವೋ ಎಂಬುದನ್ನು ಎಲ್ಲ ವಿಭಾಗದ ವೈದ್ಯರು ಸೇರುವ ಸಭೆಯಲ್ಲಿ ನಿರ್ಧರಿಸಿದರು. ಗಂಟುಗಳು ಎರಡೂ ಕಡೆ ಇದ್ದವು, ಬಲಗಡೆಯದು ಆಳದಲ್ಲಿತ್ತು, ನನಗೆ ಮೊದಲಿನಿಂದ ಉಬ್ಬಸ ಬೇರೆ. ಊದಿ ತೋರಿಸುವ ಪರೀಕ್ಷೆಯಲ್ಲಿ ನನ್ನ ಉಸಿರಿನ ಶಕ್ತಿ ಕಡಿಮೆ ಬಂತು. ಹೀಗಾಗಿ ಎಸ್‌ಬಿಆರ್‌ಟಿ ಎಂದಾಯಿತು. ಮಗನ ಸಮಾಧಾನಕ್ಕೆ ಬೆಂಗಳೂರಿಗೂ ಹೋಗಿ ಇನ್ನೊಬ್ಬರ ಅಭಿಪ್ರಾಯ ಕೇಳಿದೆವು, ಅವರೂ ಅದನ್ನೇ ಹೇಳಿದರು. ಆ ಪ್ರಯಾಣದಲ್ಲಿ ರೈಲ್ವೆ ರಿಯಾಯಿತಿ ಉಪಯೋಗಕ್ಕೆ ಬಂತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ತ್ರೀ ಟಯರಿನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡ 75 ರಿಯಾಯಿತಿ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಸಹಿ, ಸೀಲು ಬೇಕು. ನಮಗೆ ಇದನ್ನು ಹೇಳಿದ್ದು ವೈದ್ಯರಲ್ಲ, ಕೌಂಟರಿನ ಸಾಲಿನಲ್ಲಿ ಹಿಂದೆ ನಿಂತಿದ್ದ ಸವಣೂರಿನ ಒಬ್ಬ ಅಜ್ಜ.

ಇನ್ನು ಕಾಗದಪತ್ರದ ಕಥೆ. ಇಡೀ ಆರು ತಿಂಗಳಲ್ಲಿ ನಾನು ಅತ್ತದ್ದು ಎರಡು ಸಲ, ಅದರಲ್ಲಿ ಒಂದು ಸಲ ಇದೇ ಕಾಗದಗಳ ಸಲುವಾಗಿ. ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ತಿಳಿದುಕೊಳ್ಳಬೇಕು. ಈ ಶೇಕಡ 30 ಎಂಬುದು ಸರ್ಕಾರ ಗೊತ್ತುಪಡಿಸಿದ ಪ್ಯಾಕೇಜ್ ದರದ ಮೇಲಿನದು, ಆಸ್ಪತ್ರೆ ನಿಮ್ಮ ಕೈಗೆ ಕೊಡುವ ಬಿಲ್ಲಿನ ಮೇಲಿನದಲ್ಲ. ನಾವು ಬಿಲ್ಲಿನ ಮೇಲೆ ಲೆಕ್ಕ ಹಾಕಿ ಎಪ್ಪತ್ತು ಸಾವಿರ ಬರುತ್ತದೆಂದು ಕುಳಿತಿದ್ದೆವು, ಬಂದದ್ದು ಇಪ್ಪತ್ತೈದು ಸಾವಿರದ ಆಸುಪಾಸು.

ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಸಿಗಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಅದಕ್ಕೆ ಮೂರು ದಿನ ಓಡಾಡಿದೆವು. ಮೊದಲ ದಿನ ಸಹಿ ಮಾಡುವವರು ಮೀಟಿಂಗಿಗೆ ಹೋಗಿದ್ದರು, ಎರಡನೆಯ ದಿನ ಬಯಾಪ್ಸಿಯ ಮೂಲ ರಿಪೋರ್ಟು ಬೇಕು, ಝೆರಾಕ್ಸ್ ನಡೆಯುವುದಿಲ್ಲ ಎಂದರು. ಮೂರನೆಯ ದಿನ ಪತ್ರ ಸಿಕ್ಕಿತು. ಅದನ್ನು ಹುಬ್ಬಳ್ಳಿಗೆ ಒಯ್ದರೆ ಹೆಸರಿನ ತೊಡಕು ಎದ್ದಿತು. ಆಧಾರ್ ಮತ್ತು ರೇಶನ್ ಕಾರ್ಡಿನಲ್ಲಿ ಗಂಡನ ಮನೆಯ ಅಡ್ಡಹೆಸರು, ಮೂರು ವರ್ಷಗಳ ಹಿಂದಿನ ಆಪರೇಶನ್ನಿನ ಕಾಗದಗಳಲ್ಲಿ ನನ್ನ ನೌಕರಿಯ ದಾಖಲೆಯಲ್ಲಿದ್ದಂತೆ ತವರಿನ ಅಡ್ಡಹೆಸರು. ಇಬ್ಬರೂ ಒಬ್ಬಳೇ ಎಂಬುದಕ್ಕೆ ದಾಖಲೆ ಕೊಡಿ ಎಂದು ಮಂಜೂರಾತಿ ನಿಂತಿತು. ‘ನಾನ ಇಲ್ಲೆ ನಿಂತೇನಲ್ರೀ, ಹೊಟ್ಟಿ ಮ್ಯಾಲಿನ ಹೊಲಿಗಿ ಗುರ್ತ ತೋರಿಸ್ಲೇನ?’ ಎಂದು ಕೌಂಟರಿನಲ್ಲಿ ಕೇಳಿ, ಹಾಗೆಯೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಕೌಂಟರಿನ ಹುಡುಗನದು ಏನೂ ತಪ್ಪಿರಲಿಲ್ಲ, ಅವನೇ ನೀರು ತಂದು ಕೊಟ್ಟ. ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿ ಕೊಟ್ಟ ಮೇಲೆ ಆರು ದಿನಕ್ಕೆ ಮಂಜೂರಾತಿ ಬಂತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು, ಮುಖ್ಯವಾಗಿ ನೌಕರಿ ಮಾಡಿದವರು, ಆಸ್ಪತ್ರೆಯ ಮೊದಲ ಚೀಟಿ ಮಾಡಿಸುವಾಗಲೇ ಆಧಾರಿನಲ್ಲಿದ್ದ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಸಿರಿ.

ಆಸ್ಪತ್ರೆಯವರು ಮೊದಲು ಎರಡು ಗಂಟಿಗೆ ಎರಡು ಪ್ಯಾಕೇಜು ಎಂದು ಲೆಕ್ಕ ಹಾಕಿದ್ದರು. ಎರಡಕ್ಕೂ ಒಂದೇ ದಿನ, ಒಂದೇ ತಯಾರಿಯಲ್ಲಿ ಚಿಕಿತ್ಸೆ ಆಗುವುದಿದ್ದರೆ ಎರಡು ಏಕೆಂದು ಮಗ ಕುಳಿತು ಮಾತಾಡಿದ ಮೇಲೆ ಒಟ್ಟು 2,30,000ಕ್ಕೆ ನಿಂತಿತು. ಇದರಲ್ಲಿ ತಯಾರಿಯ ಸ್ಕ್ಯಾನು, ಪ್ಲಾನಿಂಗು, ಐದೂ ಸರದಿಗಳು ಸೇರಿದ್ದವು. ಏನೇನು ಸೇರಿದೆ ಎಂಬುದನ್ನು ನೀವೂ ಬರವಣಿಗೆಯಲ್ಲಿ ಕೇಳಿರಿ. ನನ್ನ ಪಾಟ್ಲಿಗಳನ್ನು ಸಹಕಾರಿ ಸಂಘದಲ್ಲಿ ಅಡ ಇಟ್ಟೆವು, ಇನ್ನೂ ಬಿಡಿಸಿಲ್ಲ.

ಸೆಪ್ಟೆಂಬರ್ ಕೊನೆಗೆ ಸಿಮ್ಯುಲೇಶನ್ ಎಂಬ ತಯಾರಿ ಆಯಿತು. ಪುಟ್ಟ ಪುಟ್ಟ ಥರ್ಮಾಕೋಲ್ ಕಾಳುಗಳು ತುಂಬಿದ ಒಂದು ದೊಡ್ಡ ನೀಲಿ ಚೀಲದ ಮೇಲೆ ಮಲಗಿಸಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ ಹಿಡಿಕೆ ಹಿಡಿಸಿದರು. ಆಮೇಲೆ ಚೀಲದೊಳಗಿನ ಗಾಳಿಯನ್ನು ಯಂತ್ರದಿಂದ ಎಳೆದರು. ಮೆತ್ತಗಿದ್ದ ಚೀಲ ಸರಸರನೆ ಬಿಗಿಯುತ್ತ ನನ್ನ ಬೆನ್ನು, ಪಕ್ಕೆ, ಮೊಣಕೈಗಳ ಅಚ್ಚನ್ನು ಹಿಡಿದುಕೊಂಡು ಒಣಗಿದ ಮಣ್ಣಿನ ಹಾಗೆ ಗಟ್ಟಿಯಾಯಿತು. ಆ ಅಚ್ಚಿನಲ್ಲಿ ಬೇರೆ ಯಾರೂ ಹೊಂದುವಂತಿಲ್ಲ. ಅದರ ಮೇಲೆ ನನ್ನ ಹೆಸರು ಬರೆದು ಕಪಾಟಿನಲ್ಲಿ ಇಟ್ಟರು, ಐದೂ ದಿನ ಅದನ್ನೇ ಹಾಸುತ್ತಿದ್ದರು. ಹೊಟ್ಟೆಯ ಮೇಲೆ ಒಂದು ಪಟ್ಟಿ ಬಿಗಿದರು, ಇದು ಉಸಿರಾಡುವಾಗ ಶ್ವಾಸಕೋಶ ಬಹಳ ಸರಿದಾಡದಿರಲೆಂದು. ಉಸಿರಿನ ಪ್ರತಿ ಹಂತದಲ್ಲಿ ಗಂಟು ಎಲ್ಲೆಲ್ಲಿ ಸರಿಯುತ್ತದೆಂದು ನೋಡುವ ಫೋರ್‌ಡಿ ಸಿಟಿ ತೆಗೆದು, ಎದೆಯ ಮೇಲೆ ಸಾಸಿವೆಯಷ್ಟು ಚಿಕ್ಕ ಮೂರು ಹಚ್ಚೆ ಚುಕ್ಕೆ ಹಾಕಿದರು. ನನ್ನ ಎಡ ಹೆಗಲು ಮೊದಲೇ ಹಿಡಿದಿತ್ತು. ನಲವತ್ತು ನಿಮಿಷ ಕೈ ಮೇಲೆತ್ತಿ ಮಲಗಿದ್ದು ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ನೋವು ಕೊಟ್ಟ ಭಾಗ. ನಿಮಗೆ ತಾರೀಖು ಸಿಕ್ಕ ದಿನದಿಂದಲೇ ಮನೆಯಲ್ಲಿ ಚಾಪೆಯ ಮೇಲೆ ಹಾಗೆ ಮಲಗಿ ರೂಢಿ ಮಾಡಿಕೊಳ್ಳಿರಿ.

ಸಿಮ್ಯುಲೇಶನ್ ಆದ ಮೇಲೆ ಒಂಬತ್ತು ದಿನ ಏನೂ ಇಲ್ಲ. ಗಂಟು ಬೆಳೆಯುತ್ತಿದೆ, ಇವರು ಸುಮ್ಮನೆ ಕುಳಿತಿದ್ದಾರೆ ಎಂದು ನಾನು ಮನೆಯಲ್ಲಿ ಸಿಡಿಮಿಡಿಗೊಂಡೆ. ಆಮೇಲೆ ತಿಳಿದದ್ದೇನೆಂದರೆ, ಆ ದಿನಗಳಲ್ಲಿ ವೈದ್ಯರು ಸ್ಕ್ಯಾನಿನ ಒಂದೊಂದೇ ಪದರಿನ ಮೇಲೆ ಗಂಟಿನ ಗೆರೆ ಎಳೆಯುತ್ತಾರೆ, ಬೆನ್ನುಹುರಿ, ಹೃದಯ, ಅನ್ನನಾಳ, ಪಕ್ಕೆಲುಬುಗಳಿಗೆ ಎಷ್ಟರ ಮೇಲೆ ಹೋಗಬಾರದೆಂದು ಮಿತಿ ಹಾಕುತ್ತಾರೆ. ಭೌತವಿಜ್ಞಾನಿ ಅದರಂತೆ ಕಿರಣಗಳ ದಾರಿ ಲೆಕ್ಕ ಹಾಕಿ, ನನ್ನನ್ನು ಮಲಗಿಸುವ ಮೊದಲು ಅದೇ ಯೋಜನೆಯನ್ನು ಯಂತ್ರದಲ್ಲಿ ಬರಿದೇ ನಡೆಸಿ ಅಳೆದು ನೋಡುತ್ತಾರೆ. ಪ್ರತಿ ಗಂಟಿಗೆ 50 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ), ಐದು ಸರದಿಗಳಲ್ಲಿ, ದಿನ ಬಿಟ್ಟು ದಿನ ಎಂದು ಗೊತ್ತಾಯಿತು. ಭೌತವಿಜ್ಞಾನಿಯಾಗಿದ್ದ ಹುಡುಗಿ ಕಂಪ್ಯೂಟರಿನಲ್ಲಿ ತೋರಿಸಿದಾಗ ನನಗೆ ನೆನಪಾದದ್ದು ನಮ್ಮ ಜಾತ್ರೆಯ ತೇರು. ಓಣಿಯ ಎಲ್ಲ ಕಡೆಯಿಂದ ಜನ ತೇರಿನ ಕಳಸಕ್ಕೆ ಉತ್ತತ್ತಿ ಎಸೆಯುತ್ತಾರೆ. ದಾರಿಯಲ್ಲಿ ಯಾರದಾದರೂ ತಲೆಗೆ ಒಂದು ತಾಗಿದರೆ ಏನೂ ಆಗುವುದಿಲ್ಲ, ಎಲ್ಲವೂ ಒಟ್ಟಿಗೆ ಬಂದು ಬಡಿಯುವುದು ಕಳಸಕ್ಕೆ. ಆ ಹುಡುಗಿ ನಕ್ಕು, ‘ಇನ್ಮ್ಯಾಲೆ ಎಲ್ಲಾ ಪೇಶಂಟ್‌ಗೂ ಇದನ್ನ ಹೇಳ್ತೀನ್ರಿ ಅಕ್ಕಾರ’ ಎಂದಳು.

ಚಿಕಿತ್ಸೆಯ ದಿನಗಳ ಬಗ್ಗೆ ಹೇಳುವುದು ಕಡಿಮೆ. ಮುಂಜಾನೆ ಗದಗಿನಿಂದ ರೈಲು, ಅಣ್ಣಿಗೇರಿ ದಾಟುವಾಗ ಎರಡೂ ಕಡೆ ಎರೆಹೊಲ. ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮು ಪ್ರಪಂಚಕ್ಕೇ ಉದ್ದದ್ದೆಂದು ಅಭಿಮಾನ ಪಡುವವರು ಉಬ್ಬಸ ಇಟ್ಟುಕೊಂಡು ಅದರ ಮೇಲೆ ನಡೆದು ನೋಡಬೇಕು. ಎರಡನೆಯ ದಿನದಿಂದ ಗೇಟಿಗೆ ಸಮೀಪ ನಿಲ್ಲುವ ಡಬ್ಬಿಯನ್ನೇ ನೋಡಿ ಹತ್ತಿದೆವು. ಆಸ್ಪತ್ರೆಯ ನೆಲಮಹಡಿಯಲ್ಲಿ ಗೋಡೆಯಷ್ಟೇ ದಪ್ಪದ ಬಾಗಿಲು, ಒಳಗೆ ಚಳಿ. ಅಚ್ಚಿನಲ್ಲಿ ಮಲಗಿಸಿ, ಮೊದಲು ಅದೇ ಯಂತ್ರದಿಂದ ಸ್ಕ್ಯಾನ್ ತೆಗೆದು ಗಂಟು ಅಂದುಕೊಂಡ ಜಾಗದಲ್ಲೇ ಇದೆಯೇ ಎಂದು ಹೊಂದಿಸಿ ನೋಡುತ್ತಾರೆ. ಮಂಚ ತಾನಾಗಿಯೇ ಎರಡು ಮೂರು ಮಿಲಿಮೀಟರ್ ಸರಿಯುತ್ತದೆ. ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿದ ಮೇಲೆ ಗುಂಯ್ ಎಂಬ ಸದ್ದಷ್ಟೇ. ಬಿಸಿ ಇಲ್ಲ, ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ಎರಡು ಗಂಟಿಗೂ ಸೇರಿ ಮುಕ್ಕಾಲು ತಾಸು ಹಿಡಿಯುತ್ತಿತ್ತು. ನನಗಿದ್ದ ಒಂದೇ ಭಯ ಕೆಮ್ಮಿನದು. ಮೊದಲ ದಿನ ನಡುವೆ ಗಂಟಲು ಕೆರೆದು ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಟೆಕ್ನಿಶಿಯನ್ ಹೇಳಿದ: ‘ತಡೀಬ್ಯಾಡ್ರಿ ಅಕ್ಕಾರ, ಕೈಯಾಗಿನ ಗುಂಡಿ ಒತ್ರಿ, ನಿಲ್ಲಿಸ್ತೇವಿ, ಕೆಮ್ಮಿ ಮುಗಿಸ್ರಿ, ಮತ್ತ ಸ್ಕ್ಯಾನ್ ನೋಡಿ ಚಾಲೂ ಮಾಡ್ತೇವಿ.’ ಇದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಮೂರನೆಯ ಸರದಿಯ ದಿನ ಹತ್ತು ಗಂಟೆಗೆ ಯಂತ್ರ ಕೆಟ್ಟಿತು. ಸಂಜೆ ಆರರವರೆಗೆ ಕಾಯ್ದು ಮರಳಿದೆವು. ಡೋಸು ತಪ್ಪಿತೆಂದು ನಾನು ಕಂಗಾಲಾಗಿದ್ದೆ, ಆದರೆ ದಿನ ಬಿಟ್ಟು ದಿನದ ಚಿಕಿತ್ಸೆಯಲ್ಲಿ ಒಂದು ದಿನ ಮುಂದಕ್ಕೆ ಹೋದರೆ ತೊಂದರೆಯಿಲ್ಲ ಎಂದರು. ಅಂದು ನಮ್ಮ ಜೊತೆ ಕಾಯ್ದ ಹನ್ನೊಂದು ಜನರಲ್ಲಿ ರೋಣದ ಒಬ್ಬ ರೈತರಿದ್ದರು, ಬಾಯಿಯ ಕ್ಯಾನ್ಸರಿಗೆ ಮೂವತ್ತು ದಿನಗಳ ಮಾಮೂಲಿ ರೇಡಿಯೇಶನ್ನಿನಲ್ಲಿ ಇಪ್ಪತ್ತೆರಡನೆಯ ದಿನ ಅವರದು. ನನ್ನದು ಐದೇ ದಿನ ಎಂದು ಕೇಳಿ, ‘ನಿಮ್ದು ಸಣ್ಣ ಬ್ಯಾನಿ ಬಿಡ್ರಿ’ ಎಂದರು. ನಾನು ಹೂಂ ಎಂದೆ. ನಡುವೆ ದಸರೆ ಬಂತು. ನಾಲ್ಕನೆಯ ಸರದಿಗೆ ಹೋದಾಗ ಯಂತ್ರದ ಬುಡಕ್ಕೆ ಕುಂಕುಮ, ವಿಭೂತಿ, ಬಾಗಿಲಿಗೆ ಚೆಂಡುಹೂವಿನ ಮಾಲೆ. ಆಯುಧ ಪೂಜೆಯ ಪಾಲು ಅದಕ್ಕೂ ಸಿಕ್ಕಿತ್ತು. ಕೆಟ್ಟು ಎದ್ದ ಯಂತ್ರಕ್ಕೆ ಅದು ಅಗತ್ಯವೇ ಇತ್ತು.

ಐದನೆಯದು ಮುಗಿದ ದಿನ ಯಾರೂ ಏನೂ ಹೇಳಲಿಲ್ಲ. ಒಂದು ಚೀಟಿ ಕೊಟ್ಟು ಮೂರು ತಿಂಗಳಿಗೆ ಬರಹೇಳಿದರು. ಎರಡು ವಾರ ವಿಪರೀತ ದಣಿವು, ಮಧ್ಯಾಹ್ನವೆಲ್ಲ ನಿದ್ದೆ. ಅದು ಇಳಿದು, ಏಳನೆಯ ವಾರದಲ್ಲಿ ಒಣ ಕೆಮ್ಮು ಮತ್ತು ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾದವು. ಊರಿನ ಡಾಕ್ಟರರು ಥಂಡಿ ಎಂದು ಐದು ದಿನ ಆ್ಯಂಟಿಬಯಾಟಿಕ್ ಕೊಟ್ಟರು, ಗುಣ ಕಾಣಲಿಲ್ಲ. ಗಂಟು ಮತ್ತೆ ಬೆಳೆಯಿತೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಎರಡನೆಯ ಸಲ ಅತ್ತದ್ದು ಆಗ. ಹುಬ್ಬಳ್ಳಿಯಲ್ಲಿ ನೋಡಿ ಇದು ವಿಕಿರಣದಿಂದಾದ ಶ್ವಾಸಕೋಶದ ಉರಿಯೂತ, ಚಿಕಿತ್ಸೆಯಾಗಿ ಆರು ವಾರದಿಂದ ಆರು ತಿಂಗಳೊಳಗೆ ಕೆಲವರಿಗೆ ಬರುತ್ತದೆ ಎಂದು ಸ್ಟೆರಾಯ್ಡ್ ಗುಳಿಗೆ ಬರೆದರು. ನಾಲ್ಕು ದಿನದಲ್ಲಿ ಉಸಿರು ಹಗುರಾಯಿತು. ಸಕ್ಕರೆ ಮಾತ್ರ 340ಕ್ಕೆ ಏರಿ ಕೆಲ ವಾರ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಸ್ಟೆರಾಯ್ಡನ್ನು ಆರಾಮಾಯಿತೆಂದು ಒಮ್ಮೆಲೇ ಬಿಡುವಂತಿಲ್ಲ, ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ವಿಕಿರಣವಾದವರು ಕೆಮ್ಮು, ಜ್ವರ, ಏದುಸಿರು ಯಾವುದು ಬಂದರೂ ಬೇರೆ ಡಾಕ್ಟರರ ಮುಂದೆ ಹೇಳುವ ಮೊದಲ ಮಾತು ‘ನನಗೆ ಎದೆಗೆ ರೇಡಿಯೇಶನ್ ಆಗೇತಿ’ ಎಂಬುದಾಗಿರಬೇಕು.

ಮೂರು ತಿಂಗಳ ಸಿಟಿಯನ್ನು ಹತ್ತಿರವೆಂದು ಗದಗಿನಲ್ಲಿಯೇ ಮಾಡಿಸಿದೆ. ರಿಪೋರ್ಟಿನಲ್ಲಿ ಬಲಗಡೆ ಮೊದಲಿಗಿಂತ ದೊಡ್ಡ ಮಚ್ಚೆ ಇದೆ, ಸೋಂಕು ಅಥವಾ ಕ್ಷಯ ಇರಬಹುದು, ಕ್ಯಾನ್ಸರ್ ಹೆಚ್ಚಾದ ಸಾಧ್ಯತೆಯೂ ಉಂಟು ಎಂದು ಬರೆದಿದ್ದರು. ಈ ಸಲ ನಾನು ಅಳಲಿಲ್ಲ, ಸಿಡಿಯನ್ನು ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ. ವಿಕಿರಣ ತಜ್ಞರು ತಮ್ಮ ಪ್ಲಾನಿನ ಚಿತ್ರವನ್ನು ಹೊಸ ಸ್ಕ್ಯಾನಿನ ಪಕ್ಕದಲ್ಲಿಟ್ಟು ತೋರಿಸಿದರು. ಮಚ್ಚೆ ಕಿರಣ ಬಿದ್ದ ಜಾಗದ ಆಕಾರದಲ್ಲಿಯೇ ಇತ್ತು. ಸುಟ್ಟ ಜಾಗ ಮೊದಲ ತಿಂಗಳುಗಳಲ್ಲಿ ಹೀಗೆ ಊದಿದಂತೆ ಕಾಣುವುದು ಸಹಜ, ಒಂದೇ ಸ್ಕ್ಯಾನಿನಿಂದ ಏನೂ ಹೇಳಲು ಬರುವುದಿಲ್ಲ ಎಂದರು. ಎಡಗಡೆಯದು 9ರಿಂದ 4 ಮಿಲಿಮೀಟರಿಗೆ ಇಳಿದಿದೆ. ಸಿಇಎ 3.4 ಬಂದಿದೆ. ಗದಗಿನಲ್ಲಿ ಸ್ಕ್ಯಾನ್ ಓದಿದವರನ್ನು ದೂರುವಂತಿಲ್ಲ, ನನಗೆ ಎಸ್‌ಬಿಆರ್‌ಟಿ ಆದದ್ದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ನಾನೂ ತಿಳಿಸಿರಲಿಲ್ಲ.

ಮುಂದಿನ ಸ್ಕ್ಯಾನ್ ಏಪ್ರಿಲ್ ಎರಡನೆಯ ವಾರಕ್ಕಿದೆ. ಫೈಲಿನ ಮೊದಲ ಹಾಳೆಯ ಮೇಲೆ ದಪ್ಪ ಕೆಂಪು ಪೆನ್ನಿನಿಂದ, ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅಕ್ಷರದಲ್ಲಿ, ‘ಎರಡೂ ಶ್ವಾಸಕೋಶಕ್ಕೆ ಎಸ್‌ಬಿಆರ್‌ಟಿ ಆಗಿದೆ, ಅಕ್ಟೋಬರ್, ತಲಾ 50 ಗ್ರೇ, 5 ಸರದಿ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿಟ್ಟಿದ್ದೇನೆ.